ಸಡಿಲಿದ ಸಾಕೆಟ್ಟು

ಮನೆಯ ಟೆಲಿವಿಷನ್ನಿನ ಮುಂಭಾಗವನ್ನು ದಿನವೂ ಒರೆಸುವವರುಂಟು. ಅದರ ಬೆನ್ನನ್ನು ನೋಡುವವರು ವಿರಳ. ಗೋಡೆಯ ಕಡೆಗೆ ಮುಖಮಾಡಿ, ಧೂಳು ಹಿಡಿದು ಕುಳಿತಿರುವ ಕೇಬಲ್ ಸಾಕೆಟ್ಟು ನಮ್ಮ ನೆನಪಿಗೆ ಬರುವುದು ಚಿತ್ರ ಕೆಟ್ಟಾಗ ಮಾತ್ರ. ಆಗಲೂ ನಾವು ಮಾಡುವುದೇನು? ಕೇಬಲ್ಲನ್ನು ಒಮ್ಮೆ ಅಲುಗಿಸುತ್ತೇವೆ. ಚಿತ್ರ ಬರುತ್ತದೆ. ಕೈ ಬಿಟ್ಟೊಡನೆ ಹೋಗುತ್ತದೆ. ಕೊನೆಗೆ ಕೇಬಲ್ಲಿನ ಕೆಳಗೆ ಒಂದು ಬೆಂಕಿಪೊಟ್ಟಣವನ್ನೋ ಮಡಿಸಿದ ಕಾಗದವನ್ನೋ ಸಿಕ್ಕಿಸಿ ಸಮಾಧಾನ ಪಡುತ್ತೇವೆ. ಈ ಸಣ್ಣ ದೋಷದ ಹಿಂದೆ ಭೌತಶಾಸ್ತ್ರದ ಎಷ್ಟು ಪಾಠಗಳು ಅಡಗಿವೆಯೆಂಬುದನ್ನು ನಾನು ತಿಳಿದದ್ದು ತರಗತಿಯಲ್ಲಲ್ಲ, ನನ್ನ ಒಂದು ಸೋಲಿನಿಂದ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಚಾಮರಾಜಪೇಟೆಯಲ್ಲಿ ನನ್ನ ಸೋದರಮಾವನವರ ಮನೆ. ಅಲ್ಲಿ ಅಜ್ಜಿಯ ಕೋಣೆಯಲ್ಲಿ ಒಂದು ಹಳೆಯ ಟೆಲಿವಿಷನ್ನೂ, ವಿಡಿಯೋ ಕ್ಯಾಸೆಟ್ಟುಗಳನ್ನು ತೋರಿಸುವ ಒಂದು ವಿ.ಸಿ.ಪಿ. ಯಂತ್ರವೂ ಇವೆ. ಮಾವನವರ ಮದುವೆ 1994ರಲ್ಲಿ ಮಲ್ಲೇಶ್ವರದ ಒಂದು ಛತ್ರದಲ್ಲಿ ನಡೆಯಿತು. ಅದರ ಕ್ಯಾಸೆಟ್ಟಿನಲ್ಲಿ ಈಗ ನಮ್ಮೊಡನಿಲ್ಲದ ತಾತನವರು ಪಂಕ್ತಿಯ ನಡುವೆ ಓಡಾಡುತ್ತ, ಬಂದವರನ್ನು ಹೆಸರು ಹಿಡಿದು ವಿಚಾರಿಸುವ ದೃಶ್ಯವಿದೆ. ಅವರ ಧ್ವನಿ ಉಳಿದಿರುವುದು ಅದೊಂದರಲ್ಲಿಯೇ. ಮನೆಗೆ ಸುಣ್ಣ ಬಳಿಸುವಾಗ ಯಾರೋ ಬೀರುವನ್ನು ಗೋಡೆಗೆ ಒತ್ತಿದರು. ಯಂತ್ರದ ಹಿಂದಿನ ಸಾಕೆಟ್ಟು ಸಡಿಲವಾಯಿತು. ಪರದೆಯ ಮೇಲೆ ಬರಿಯ ಹಿಮ ಸುರಿಯತೊಡಗಿತು. "ಇನ್ನು ಇದನ್ನ ಗುಜರಿಗೆ ಹಾಕೋಣ ಬಿಡಮ್ಮ" ಎಂದರು ಮಾವ. ಅಜ್ಜಿ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದರು. ಕಾಲೇಜಿನಲ್ಲಿ ವಿದ್ಯುತ್ತನ್ನು ಬೋಧಿಸುವ ಮೊಮ್ಮಗನಿಗೆ ಇಷ್ಟೂ ಆಗದೆ?

ಗುಜರಿಗೆ ಹಾಕಿದರೆ ಅಂಥ ಹೊಸ ಯಂತ್ರವನ್ನು ಕೊಳ್ಳುವಂತೆಯೂ ಇಲ್ಲ. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನೈ ಸಂಸ್ಥೆ 2016ರ ಜುಲೈ ತಿಂಗಳಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಹೀಗಾಗಿ ಇರುವುದನ್ನು ದುರಸ್ತಿ ಮಾಡಿಕೊಳ್ಳುವುದೊಂದೇ ದಾರಿ.

ನಾನು ಯಂತ್ರವನ್ನು ಬಿಚ್ಚಿ, ಬಿರುಕು ಬಿಟ್ಟಿದ್ದ ಬೆಸುಗೆಯನ್ನು ಮತ್ತೆ ಕರಗಿಸಿ ಕೂಡಿಸಿದೆ. ಚಿತ್ರ ಬಂದಿತು. ಅಜ್ಜಿ ಸಂತೋಷಪಟ್ಟರು. ಇಪ್ಪತ್ತು ದಿನಗಳಾಗುವಷ್ಟರಲ್ಲಿ ಪುನಃ ಹಿಮ ಸುರಿಯಿತು. ನನ್ನ ಕೆಲಸದಲ್ಲಿ ಎಲ್ಲಿ ತಪ್ಪಿತ್ತು? ಅದನ್ನು ಅರಿಯಬೇಕಾದರೆ ಮೊದಲು ಸಾಕೆಟ್ಟಿನ ಸ್ವರೂಪವನ್ನು ತಿಳಿಯಬೇಕು.

ಆಕಾರವೇ ಒಂದು ಗುಣ

ಕೇಬಲ್ಲನ್ನು ಅಡ್ಡಲಾಗಿ ಕತ್ತರಿಸಿ ನೋಡಿರಿ. ನಟ್ಟನಡುವೆ ಒಂದು ತಂತಿ. ಅದರ ಸುತ್ತ ಬಿಳಿಯ ಪಾಲಿಥೀನಿನ ಅವಾಹಕ. ಅದರ ಮೇಲೆ ಲೋಹದ ಹಾಳೆ ಮತ್ತು ಹೆಣಿಗೆ. ಹೊರಗೆ ಕಪ್ಪು ಅಥವಾ ಬಿಳಿಯ ಹೊದಿಕೆ. ಒಳವಾಹಕಕ್ಕೂ ಹೊರವಾಹಕಕ್ಕೂ ಅಕ್ಷ ಒಂದೇ ಆಗಿರುವುದರಿಂದ ಇದಕ್ಕೆ ಏಕಾಕ್ಷ ಕೇಬಲ್ಲೆಂದು ಹೆಸರು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿಯೇ ಈ ರಚನೆಗೆ ಸ್ವಾಮ್ಯಪತ್ರ ಪಡೆದಿದ್ದನು. 1929ರಲ್ಲಿ ಅಮೆರಿಕದ ಎಸ್ಪೆನ್‌ಷೀಡ್ ಮತ್ತು ಆಫೆಲ್ ಎಂಬಿಬ್ಬರು ಟೆಲಿವಿಷನ್ ಸಂಕೇತಗಳನ್ನು ಸಾಗಿಸಲು ಯೋಗ್ಯವಾಗುವಂತೆ ಅದನ್ನು ರೂಪಿಸಿದರು.

ಟಾರ್ಚಿನ ತಂತಿಗೂ ಇದಕ್ಕೂ ವ್ಯತ್ಯಾಸವೇನು? ಟಾರ್ಚಿನ ತಂತಿ ಸುತ್ತಿಕೊಂಡಿರಲಿ, ನೇರವಾಗಿರಲಿ, ದೀಪ ಒಂದೇ ರೀತಿ ಉರಿಯುತ್ತದೆ. ಟೆಲಿವಿಷನ್ನಿನ ಸಂಕೇತವಾದರೋ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುವ ಅಲೆ. ಸೆಕೆಂಡಿಗೆ 20 ಕೋಟಿ ಕಂಪನಗಳುಳ್ಳ, ಎಂದರೆ 200 ಮೆಗಾಹರ್ಟ್ಸ್ ಆವೃತ್ತಿಯ ಅಲೆಯ ಉದ್ದ ಗಾಳಿಯಲ್ಲಿ ಕೇವಲ 1.5 ಮೀಟರು. ಇಂಥ ಅಲೆಗೆ ತಂತಿಯ ಲೋಹವಷ್ಟೇ ಅಲ್ಲ, ಒಳವಾಹಕಕ್ಕೂ ಹೊರವಾಹಕಕ್ಕೂ ನಡುವಣ ಸ್ಥಳವೂ ದಾರಿಯೇ ಆಗಿದೆ. ಆ ದಾರಿ ಅಲೆಗೆ ಒಡ್ಡುವ ಎದುರನ್ನು ಕೇಬಲ್ಲಿನ ಇಂಪೀಡೆನ್ಸ್ ಎನ್ನುತ್ತಾರೆ. ಇದು ಕೇಬಲ್ಲಿನ ಉದ್ದವನ್ನು ಅವಲಂಬಿಸಿಲ್ಲ. ಎರಡು ವ್ಯಾಸಗಳ ಪ್ರಮಾಣವನ್ನೂ, ನಡುವಣ ಅವಾಹಕದ ಗುಣವನ್ನೂ ಅವಲಂಬಿಸಿದೆ.

ಲೆಕ್ಕ ಹಾಕಿ ನೋಡೋಣ. ಇಂಪೀಡೆನ್ಸನ್ನು ಓಮುಗಳಲ್ಲಿ ಪಡೆಯಬೇಕಾದರೆ, ಹೊರವ್ಯಾಸವನ್ನು ಒಳವ್ಯಾಸದಿಂದ ಭಾಗಿಸಿ, ಬಂದ ಸಂಖ್ಯೆಯ 10ರ ಆಧಾರದ ಲಾಗರಿತಮ್ಮನ್ನು 138ರಿಂದ ಗುಣಿಸಿ, ಅವಾಹಕದ ವಿದ್ಯುತ್ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಬೇಕು. ನಮ್ಮ ಮನೆಗಳಿಗೆ ಬರುವ ಆರ್.ಜಿ. 6 ಜಾತಿಯ ಕೇಬಲ್ಲಿನಲ್ಲಿ ಅವಾಹಕದ ಹೊರವ್ಯಾಸ ಸುಮಾರು 4.6 ಮಿಲಿಮೀಟರು, ನಡುದಂತಿಯ ವ್ಯಾಸ ಸುಮಾರು 1.02 ಮಿಲಿಮೀಟರು. ಪ್ರಮಾಣ 4.5, ಅದರ ಲಾಗರಿತಮ್ 0.65. ಗುಳ್ಳೆ ತುಂಬಿದ ಪಾಲಿಥೀನಿನ ಸ್ಥಿರಾಂಕ ಸುಮಾರು 1.45, ಅದರ ವರ್ಗಮೂಲ 1.2. ಉತ್ತರ ಸುಮಾರು 75 ಓಮ್. ಕೇಬಲ್ಲಿನ ಮೈಮೇಲೆ ಅಚ್ಚಾಗಿರುವ ಅಂಕಿಯೂ ಇದೇ.

ಅಲೆಯು 75 ಓಮಿನ ದಾರಿಯಲ್ಲಿ ಬಂದು 75 ಓಮಿನ ಸಾಕೆಟ್ಟನ್ನು ಹೊಕ್ಕರೆ ಸುಗಮವಾಗಿ ಒಳಗೆ ಸಾಗುತ್ತದೆ. ದಾರಿಯ ಆಕಾರ ಥಟ್ಟನೆ ಬದಲಾದರೆ ಅಲೆಯ ಒಂದಂಶ, ಕಟ್ಟೆಗೆ ಬಡಿದ ಕೆರೆಯ ಅಲೆಯಂತೆ, ಹಿಂದಿರುಗುತ್ತದೆ. ಬೆಂಗಳೂರಿಗೆ ದೂರದರ್ಶನ 1981ರಲ್ಲಿ ಬಂದಾಗ ಬಸವನಗುಡಿಯ ಮಾಳಿಗೆಗಳ ಮೇಲೆಲ್ಲ ಏರಿಯಲ್ಲುಗಳೆದ್ದವು. ಮಾಳಿಗೆಯಿಂದ ನಡುಮನೆಗೆ 30 ಮೀಟರಿನ ಕೇಬಲ್ಲಿದೆಯೆಂದೂ, ಎರಡು ಕೊನೆಗಳಲ್ಲಿಯೂ ಜೋಡಣೆ ಸರಿಯಿಲ್ಲವೆಂದೂ ಭಾವಿಸಿರಿ. ಪ್ರತಿಫಲಿತ ಅಲೆ ಮೇಲೆ ಹೋಗಿ ಮತ್ತೆ ಕೆಳಗೆ ಬರಲು 60 ಮೀಟರು ಹೆಚ್ಚಾಗಿ ಚಲಿಸಬೇಕು. ಕೇಬಲ್ಲಿನೊಳಗೆ ಅದರ ವೇಗ ಸೆಕೆಂಡಿಗೆ ಸುಮಾರು 25 ಕೋಟಿ ಮೀಟರು, ವಿಳಂಬ 0.24 ಮೈಕ್ರೊಸೆಕೆಂಡು. ಚಿತ್ರದ ಒಂದು ಗೆರೆ ಎಡದಿಂದ ಬಲಕ್ಕೆ ಎಳೆಯಲ್ಪಡಲು ಬೇಕಾದ ಕಾಲ 52 ಮೈಕ್ರೊಸೆಕೆಂಡು. ಆದುದರಿಂದ 40 ಸೆಂಟಿಮೀಟರು ಅಗಲದ ಪರದೆಯಲ್ಲಿ ವಾರ್ತೆ ಓದುವವರ ಮುಖದ ಬಲಕ್ಕೆ, ಸುಮಾರು 2 ಮಿಲಿಮೀಟರು ಸರಿದು, ಇನ್ನೊಂದು ಮಸಕು ಮುಖ ಕಾಣುತ್ತಿತ್ತು. ಅದು ಅಲೆಯ ಪ್ರತಿಧ್ವನಿ.

2013ರಲ್ಲಿ ಬೆಂಗಳೂರಿನ ಕೇಬಲ್ ಜಾಲ ಡಿಜಿಟಲ್ ಆಯಿತು. ಡಿಜಿಟಲ್ ಸಂಕೇತದಲ್ಲಿ ಮಸಕು ಮುಖ ಕಾಣುವುದಿಲ್ಲ. ದೋಷವು ಒಂದು ಮಿತಿಯೊಳಗಿದ್ದರೆ ಚಿತ್ರ ನಿರ್ಮಲವಾಗಿರುತ್ತದೆ. ಮಿತಿಯನ್ನು ಮೀರಿದೊಡನೆ ಚೌಕ ಚೌಕವಾಗಿ ಒಡೆದು ನಿಂತೇಹೋಗುತ್ತದೆ. ರೋಗ ಅದೇ, ಲಕ್ಷಣ ಬೇರೆ.

ಬಿರುಕಿನ ಪರೀಕ್ಷೆ

ಸಾಕೆಟ್ಟಿನ ನಡುವಣ ಕಡ್ಡಿಯ ಬೆಸುಗೆ ಬಿರಿದಾಗ ಚಿತ್ರ ಪೂರ್ತಿಯಾಗಿ ಮಾಯವಾಗದೆ ಮಂಕಾಗುವುದೇಕೆ? ಬಿರುಕಿನ ಎರಡು ದಡಗಳೂ ಎದುರುಬದುರಾದ ಎರಡು ಲೋಹದ ಮುಖಗಳು, ನಡುವೆ ಗಾಳಿ. ಇದು ಒಂದು ಪುಟ್ಟ ಕೆಪಾಸಿಟರು. ಅದರ ಧಾರಣಶಕ್ತಿ ಅರ್ಧ ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. 200 ಮೆಗಾಹರ್ಟ್ಸಿನ ಅಲೆಗೆ ಅದು ಒಡ್ಡುವ ಎದುರು ಸುಮಾರು 1,600 ಓಮ್. 50 ಮೆಗಾಹರ್ಟ್ಸಿನ ಅಲೆಗಾದರೆ 6,400 ಓಮ್. ಹೀಗಾಗಿ ಹೆಚ್ಚಿನ ಆವೃತ್ತಿಯ ಚಾನೆಲ್ಲುಗಳು ಹೇಗೋ ನುಸುಳಿಕೊಂಡು ಬಂದು, ಕಡಮೆ ಆವೃತ್ತಿಯವು ಹೆಚ್ಚು ಮಂಕಾದರೆ, ನಡುಗಡ್ಡಿ ಎಲ್ಲಿಯೋ ಬಿಟ್ಟುಕೊಂಡಿದೆಯೆಂದು ಶಂಕಿಸಬಹುದು.

ಆದರೆ ಸಾಕೆಟ್ಟನ್ನು ದೂಷಿಸುವ ಮೊದಲು ಕೇಬಲ್ಲನ್ನು ಬದಲಾಯಿಸಿ ನೋಡಬೇಕು. ಅನೇಕ ವೇಳೆ ತಪ್ಪು ಅದರದೇ. ಬಳಿಕ ಯಂತ್ರವೇ ಕೆಟ್ಟಿಲ್ಲವೆಂಬುದನ್ನು ದೃಢಪಡಿಸಿಕೊಳ್ಳಬೇಕು. ಅಜ್ಜಿಯ ಟೆಲಿವಿಷನ್ನಿಗೆ ಏರಿಯಲ್ ಸಾಕೆಟ್ಟೊಂದೇ ಇರುವುದು. ವಿ.ಸಿ.ಪಿ.ಯಲ್ಲಿಯಾದರೋ ಚಿತ್ರಕ್ಕೆಂದು ಹಳದಿಯ, ಧ್ವನಿಗೆಂದು ಬೇರೆ ಬಣ್ಣದ ಸಾಕೆಟ್ಟುಗಳೂ ಉಂಟು. ನಾನು ಅದನ್ನು ನನ್ನ ಮನೆಗೆ ಕೊಂಡೊಯ್ದು, ಹಳದಿ ಸಾಕೆಟ್ಟಿನ ಮೂಲಕ ಬೇರೊಂದು ಟೆಲಿವಿಷನ್ನಿಗೆ ಜೋಡಿಸಿದಾಗ ಚಿತ್ರ ಸ್ಪಷ್ಟವಾಗಿ ಬಂದಿತು. ದೋಷ ಏರಿಯಲ್ ಕೇಬಲ್ಲಿನ ಸಾಕೆಟ್ಟಿನಲ್ಲಿಯೇ ಎಂಬುದು ಇದರಿಂದ ನಿಶ್ಚಯವಾಯಿತು. ಇಂಥ ಅವಕಾಶವಿದ್ದವರು ದುರಸ್ತಿಗೆ ಕೈಹಾಕುವ ಮೊದಲು ಆ ದಾರಿಯಿಂದಲೇ ಕ್ಯಾಸೆಟ್ಟನ್ನು ಡಿಜಿಟಲ್ ಪ್ರತಿ ಮಾಡಿಕೊಳ್ಳತಕ್ಕದ್ದು. ಯಂತ್ರವನ್ನು ಮತ್ತೊಮ್ಮೆ ರಿಪೇರಿ ಮಾಡಬಹುದು. ಹರಿದ ಟೇಪನ್ನು ಹಿಂದಿನಂತೆ ಮಾಡಲಾಗದು.

ಬೆಸುಗೆ ಏಕೆ ಬಿರಿಯಿತು?

ಎರಡನೆಯ ಸಲ ಬೆಸುಗೆ ಬಿಟ್ಟಾಗ ನಾನು ಸಂಕೋಚವನ್ನು ಬದಿಗಿಟ್ಟು ಯಂತ್ರವನ್ನು ಎಸ್.ಪಿ. ರಸ್ತೆಗೆ ಹೊತ್ತೆ. ವಿದ್ಯುತ್ ಉಪಕರಣಗಳ ಬಿಡಿಭಾಗಗಳು ದೊರೆಯುವ ಆ ಇಕ್ಕಟ್ಟಿನ ಬೀದಿಯಲ್ಲಿ ಒಬ್ಬ ವೃದ್ಧ ಮೆಕ್ಯಾನಿಕ್ಕು ಭೂತಗನ್ನಡಿಯಲ್ಲಿ ನನ್ನ ಕೆಲಸವನ್ನು ನೋಡಿದರು. ಅನಂತರ ನಾನು ತಂದಿದ್ದ ಕೇಬಲ್ಲನ್ನು ಸಾಕೆಟ್ಟಿಗೆ ಸಿಕ್ಕಿಸಿ ಕೈಬಿಟ್ಟರು. ಗಡುಸಾದ ಕೇಬಲ್ಲು ಮೇಜಿನ ಅಂಚಿನಿಂದ ಕೆಳಗೆ ಬಾಗಿ ನಿಂತಿತು.

"ಬೆಸುಗೆ ಚೆನ್ನಾಗೇ ಹಾಕಿದೀರಿ ಸಾರ್. ಆದ್ರೆ ಈ ಭಾರಾನ ಯಾರು ಹೊರ್ಬೇಕು?"

ಈ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ನಾನು ವಿದ್ಯುತ್ತನ್ನು ಮಾತ್ರ ಯೋಚಿಸಿದ್ದೆ; ಸನ್ನೆಯನ್ನು ಮರೆತಿದ್ದೆ. ಆರ್.ಜಿ. 6 ಕೇಬಲ್ಲಿನ ಕೊನೆಗೆ ತಿರುಪುಳ್ಳ ಪ್ಲಗ್ಗು, ಅದರ ಮುಂದೆ ಹಳೆಯ ಸಾಕೆಟ್ಟಿಗೆ ಹೊಂದಿಸುವ ಲೋಹದ ಕೂಡುಗೊಳವೆ, ಎಲ್ಲ ಸೇರಿ ಸಾಕೆಟ್ಟಿನಿಂದ 6 ಸೆಂಟಿಮೀಟರು ಹೊರಕ್ಕೆ ಚಾಚಿದ್ದುವು. ಬೀರು ತಗುಲಿ ಅದರ ತುದಿಯ ಮೇಲೆ ಅಡ್ಡಲಾಗಿ 20 ನ್ಯೂಟನ್, ಎಂದರೆ 2 ಕಿಲೋಗ್ರಾಮಿನ ತೂಕದಷ್ಟು ಬಲ ಬಿತ್ತೆಂದು ಊಹಿಸಿರಿ. ಸಾಕೆಟ್ಟಿನ ಬುಡದ ಬೆಸುಗೆಯ ಅಗಲ ಸುಮಾರು 8 ಮಿಲಿಮೀಟರು. ಬಲಗಳ ಭ್ರಾಮಕ ಸಮತೋಲವಾಗಬೇಕಾದುದರಿಂದ, ಬೆಸುಗೆಯ ಅಂಚನ್ನು ಕೀಳುವ ಬಲ 20ನ್ನು 60ರಿಂದ ಗುಣಿಸಿ 8ರಿಂದ ಭಾಗಿಸಿದಷ್ಟು, ಎಂದರೆ 150 ನ್ಯೂಟನ್. ಹದಿನೈದು ಕಿಲೋಗ್ರಾಮಿನ ಅಕ್ಕಿಯ ಚೀಲವನ್ನು ಒಂದು ಹನಿ ತವರಕ್ಕೆ ನೇತುಹಾಕಿದಂತಾಯಿತು!

ಅದು ಒಂದು ಕ್ಷಣದ ಆಘಾತ. ಕೇಬಲ್ಲಿನ ನಿತ್ಯದ ಭಾರ ಅಷ್ಟಿಲ್ಲವಲ್ಲ ಎನ್ನಬಹುದು. ಇಲ್ಲಿಯೇ ಬೆಸುಗೆ ಲೋಹದ ವಿಶೇಷ ಸ್ವಭಾವವನ್ನು ಗಮನಿಸಬೇಕು. ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಬೆರೆತ ಸಾಮಾನ್ಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ನಿರಪೇಕ್ಷ ಮಾನದಲ್ಲಿ 456 ಕೆಲ್ವಿನ್. ನಮ್ಮ ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್. ಎಂದರೆ ಬೆಸುಗೆಯು ಸದಾಕಾಲವೂ ತನ್ನ ಕರಗುವ ಬಿಂದುವಿನ ಮೂರರಲ್ಲಿ ಎರಡು ಪಾಲಿನಷ್ಟು ಉಷ್ಣತೆಯಲ್ಲಿದೆ. ಕಬ್ಬಿಣ 1,811 ಕೆಲ್ವಿನ್ನಿನಲ್ಲಿ ಕರಗುತ್ತದೆ. ಅದನ್ನು ಇದೇ ಪ್ರಮಾಣಕ್ಕೆ ಕಾಯಿಸಿದರೆ 900 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಸಲಾಕೆಗೆ ಯಾರಾದರೂ ಭಾರವನ್ನು ನೇತುಹಾಕುವರೆ? ಕೋಣೆಯಲ್ಲಿ ತಣ್ಣಗೆ ಕುಳಿತಂತೆ ಕಾಣುವ ಬೆಸುಗೆಯ ಸ್ಥಿತಿಯೂ ಹಾಗೆಯೇ. ಸಣ್ಣ ಭಾರವಾದರೂ ಬಿಡದೆ ಎಳೆಯುತ್ತಿದ್ದರೆ ಅದು ದಿನದಿಂದ ದಿನಕ್ಕೆ ಸರಿಯುತ್ತ, ಹಿಗ್ಗುತ್ತ, ಕೊನೆಗೆ ಕಡ್ಡಿಯ ಸುತ್ತ ಉಂಗುರದಂತೆ ಬಿರಿಯುತ್ತದೆ. ಬೆಸುಗೆಯ ಧರ್ಮ ವಿದ್ಯುತ್ತನ್ನು ದಾಟಿಸುವುದು, ಭಾರವನ್ನು ಹೊರುವುದಲ್ಲ. ನನ್ನ ಇಪ್ಪತ್ತು ದಿನಗಳ ರಹಸ್ಯ ಇದು.

ಅಪಾಯದ ಮಾತು

ದುರಸ್ತಿಯ ಕ್ರಮವನ್ನು ಹೇಳುವ ಮುನ್ನ ಒಂದು ಎಚ್ಚರಿಕೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತಮಾತ್ರಕ್ಕೆ ಯಂತ್ರ ನಿರಪಾಯಕರವಾಗದು. 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ಏಕಮುಖ ಮಾಡಿಕೊಳ್ಳುವ ಉಪಕರಣಗಳಲ್ಲಿ ದೊಡ್ಡ ಕೆಪಾಸಿಟರು ಸುಮಾರು 325 ವೋಲ್ಟುಗಳವರೆಗೆ ತುಂಬಿಕೊಂಡು, ಕೆಲಕಾಲ ಹಾಗೆಯೇ ನಿಲ್ಲಬಹುದು. ಆ ಭಾಗವನ್ನು ಮುಟ್ಟಲೇಕೂಡದು. ಕೊಳವೆಯುಳ್ಳ ಹಳೆಯ ಬಣ್ಣದ ಟೆಲಿವಿಷನ್ನಿನಲ್ಲಿ 20,000 ವೋಲ್ಟನ್ನೂ ಮೀರಿದ ವಿಭವವಿರುತ್ತದೆ. ಅದನ್ನು ವಿದ್ಯಾರ್ಥಿಗಳು ಬಿಚ್ಚಲೇಬಾರದು. ಕೆಲವು ಹಳೆಯ ಟೆಲಿವಿಷನ್ನುಗಳ ಲೋಹದ ಚೌಕಟ್ಟೇ ಮನೆಯ ವಿದ್ಯುತ್ತಿನೊಡನೆ ಸಂಪರ್ಕ ಹೊಂದಿರುತ್ತದೆ. ಅಂಥವುಗಳ ಏರಿಯಲ್ ಸಾಕೆಟ್ಟಿನ ಹಿಂದೆ ಪುಟ್ಟ ಕೆಪಾಸಿಟರುಗಳನ್ನಿಟ್ಟು ಅದನ್ನು ಬೇರ್ಪಡಿಸಿರುತ್ತಾರೆ. ತಿಳಿಯದೆ ಅವನ್ನು ತೆಗೆದು ತಂತಿಯನ್ನು ನೇರವಾಗಿ ಕೂಡಿಸಿದರೆ ಕೇಬಲ್ಲಿನ ಹೆಣಿಗೆ ಮುಟ್ಟಿದವರ ಪ್ರಾಣಕ್ಕೇ ಮುಳುವಾಗುತ್ತದೆ. ಸೆಟ್ ಟಾಪ್ ಬಾಕ್ಸು ಸಾಮಾನ್ಯವಾಗಿ ಕೇಬಲ್ಲಿನವರ ಸ್ವತ್ತು. ಅದರ ಸಾಕೆಟ್ಟು ಕೆಟ್ಟರೆ ಅವರಿಗೇ ಹೇಳಿ ಕಳುಹಿಸುವುದು ಲೇಸು. ಮೊದಲ ಸಲ ಈ ಕೆಲಸ ಮಾಡುವವರು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ದುರಸ್ತಿಯ ಕ್ರಮ

ವಿ.ಸಿ.ಪಿ.ಯಲ್ಲಿ ಈ ಸಾಕೆಟ್ಟು ಒಂದು ಪುಟ್ಟ ತಗಡಿನ ಡಬ್ಬಿಗೆ ಕೂಡಿಕೊಂಡಿರುತ್ತದೆ. ಪ್ಲಗ್ಗನ್ನು ಕಿತ್ತು, ಸಾಕಷ್ಟು ಹೊತ್ತು ಬಿಟ್ಟು, ಮೇಲಿನ ಮುಚ್ಚಳವನ್ನು ತೆಗೆದು, ಭೂತಗನ್ನಡಿಯಿಂದ ಎರಡು ಸ್ಥಳಗಳನ್ನು ನೋಡಬೇಕು: ನಡುಗಡ್ಡಿಯ ಬೆಸುಗೆ, ಹೊರಬಳೆಯ ಬೆಸುಗೆ. ಕಡ್ಡಿಯ ಸುತ್ತ ಕಪ್ಪು ಉಂಗುರ ಕಂಡರೆ ಬಿರುಕು ಅಲ್ಲಿಯೇ. ಮಲ್ಟಿಮೀಟರಿನ ಒಂದು ಮೊನೆಯನ್ನು ಸಾಕೆಟ್ಟಿನ ನಡುವಿಗೂ ಇನ್ನೊಂದನ್ನು ಒಳಗಿನ ಬೆಸುಗೆಯ ತಾಮ್ರದ ಪಟ್ಟಿಗೂ ಮುಟ್ಟಿಸಿ, ಸಾಕೆಟ್ಟನ್ನು ಮೆಲ್ಲಗೆ ಅಲುಗಿಸಿ. ಮುಳ್ಳು ಅಥವಾ ಅಂಕಿ ಕುಣಿದರೆ ಸಂದೇಹ ಪರಿಹಾರವಾಯಿತು.

ಹಳೆಯ ಬೆಸುಗೆಯ ಮೇಲೆಯೇ ಹೊಸದನ್ನು ಸುರಿಯಬಾರದು. ಅದರಲ್ಲಿ ಕಿಲುಬು ಸೇರಿರುತ್ತದೆ. ತಾಮ್ರದ ಹೆಣಿಗೆಯನ್ನು ಅದರ ಮೇಲಿಟ್ಟು ಕಾಯಿಸಿದರೆ ಕರಗಿದ ಲೋಹವನ್ನು ಅದು ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿಕೊಳ್ಳುತ್ತದೆ. ಬಳಿಕ ಕಡ್ಡಿಯನ್ನು ಉಜ್ಜಿ ಹೊಳಪು ಬರಿಸಿ, ರಾಳವನ್ನು ಸವರಿ, 25 ವಾಟಿನ ಸಾಲ್ಡರಿಂಗ್ ಐರನ್ನಿನಿಂದ ಎರಡು ಮೂರು ಸೆಕೆಂಡುಗಳೊಳಗೆ ಹೊಸ ಬೆಸುಗೆಯನ್ನು ಹಾಕಬೇಕು. ತಡಮಾಡಿದರೆ ಸಾಕೆಟ್ಟಿನೊಳಗಣ ಪ್ಲಾಸ್ಟಿಕ್ಕು ಮೆತ್ತಗಾಗಿ ಕಡ್ಡಿ ನಡುವಿನಿಂದ ಓಲುತ್ತದೆ. ಇದಕ್ಕೆ ಮೆಕ್ಯಾನಿಕ್ಕು ತೋರಿಸಿದ ಉಪಾಯ ಸೊಗಸಾದುದು: ಬೆಸುಗೆ ಹಾಕುವಾಗ ಸಾಕೆಟ್ಟಿನಲ್ಲಿ ಒಂದು ಬಿಡಿ ಪ್ಲಗ್ಗನ್ನು ಸಿಕ್ಕಿಸಿಟ್ಟಿರಬೇಕು. ಅದು ಕಡ್ಡಿಯನ್ನು ನಟ್ಟನಡುವೆ ಹಿಡಿದಿರುತ್ತದೆ. ಹೊರಬಳೆಗೆ ಹೆಚ್ಚು ಶಾಖ ಬೇಕು. ಏಕೆಂದರೆ ತಗಡಿನ ಡಬ್ಬಿ ಶಾಖವನ್ನೆಲ್ಲ ಹಂಚಿಕೊಂಡುಬಿಡುತ್ತದೆ. ಅದಕ್ಕೆ 60 ವಾಟಿನ ಐರನ್ನು ಒಳ್ಳೆಯದು. ಕಿಟಕಿಯನ್ನು ತೆರೆದಿಡಿ, ಸೀಸವಿರುವುದರಿಂದ ಕೆಲಸ ಮುಗಿದ ಮೇಲೆ ಕೈಗಳನ್ನು ಚೆನ್ನಾಗಿ ತೊಳೆಯಿರಿ.

ಸಾಕೆಟ್ಟು ಪೂರ್ತಿ ಮುರಿದಿದ್ದರೆ ಅದೇ ಜಾತಿಯ ಹೊಸದನ್ನು ಕೂರಿಸಬೇಕು. ಸಾಕೆಟ್ಟೇ ಬೇಡವೆಂದು ಕೇಬಲ್ಲಿನ ತುದಿಯನ್ನು ಬಿಡಿಸಿ, ಹೆಣಿಗೆಯನ್ನು ಬಾಲದಂತೆ ಹೊಸೆದು, ಎಲ್ಲಿಯೋ ಒಂದು ಕಡೆ ಬೆಸೆಯುವವರುಂಟು. ಟಾರ್ಚಿಗೆ ಅದು ಸಾಕಾದೀತು. ಇಲ್ಲಿಯಾದರೋ 3 ಸೆಂಟಿಮೀಟರಿನ ಬಿಡಿ ತಂತಿಯ ಪ್ರೇರಕತ್ವ ಸುಮಾರು 30 ನ್ಯಾನೊಹೆನ್ರಿ. 200 ಮೆಗಾಹರ್ಟ್ಸಿಗೆ ಅದು ಸುಮಾರು 38 ಓಮಿನ ಎದುರನ್ನೊಡ್ಡುತ್ತದೆ. ಇದು 75ರ ಅರ್ಧ! ಆಕಾರ ಕೆಟ್ಟರೆ ಗುಣವೂ ಕೆಟ್ಟಿತು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಭಾರವನ್ನು ಹೊರುವವರನ್ನು ಗೊತ್ತುಮಾಡಬೇಕು. ಮೆಕ್ಯಾನಿಕ್ಕು ಗಡುಸಾದ ಕೇಬಲ್ಲಿನ ಬದಲು ಮೆತುವಾದ ತೆಳು ಕೇಬಲ್ಲನ್ನು ಕೊಟ್ಟರು. ನೇರ ಪ್ಲಗ್ಗಿನ ಬದಲು ಮೊಣಕೈಯಂತೆ ಬಾಗಿದ ಪ್ಲಗ್ಗನ್ನು ಹಾಕಿದರು. ಹೊರಚಾಚು 6 ಸೆಂಟಿಮೀಟರಿನಿಂದ 2 ಸೆಂಟಿಮೀಟರಿಗೆ ಇಳಿಯಿತು; ಅದೇ ಬಲಕ್ಕೆ ಬೆಸುಗೆಯ ಮೇಲಿನ ಎಳೆತ ಮೂರನೆಯ ಒಂದು ಪಾಲಾಯಿತು. ಕೊನೆಗೆ ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ, ನಡುವೆ ಸ್ವಲ್ಪ ಸಡಿಲ ಬಿಟ್ಟು, ಕೇಬಲ್ಲನ್ನು ಯಂತ್ರದ ಹಿಂಬದಿಗೆ ಪಟ್ಟಿಯಿಂದ ಕಟ್ಟಿದರು. ಈಗ ಯಾರು ಎಳೆದರೂ ಎಳೆತ ಪಟ್ಟಿಗೆ. ಸಾಕೆಟ್ಟಿಗೆ ಅದರ ಸುದ್ದಿಯೇ ಇಲ್ಲ.

ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವುಂಟು. ಒಂದೇ ದಪ್ಪದ ಬೆಸುಗೆ ತಂತಿ ಮತ್ತು ತಾಮ್ರದ ತಂತಿಗಳನ್ನು ಅರ್ಧರ್ಧ ಮೀಟರು ತೆಗೆದುಕೊಂಡು ಮೊಳೆಗಳಿಂದ ಇಳಿಬಿಡಿ. ಎರಡಕ್ಕೂ ಅರ್ಧ ಕಿಲೋಗ್ರಾಮಿನ ತೂಕವನ್ನು ಕಟ್ಟಿ, ಕೆಳಗೆ ಮೆತ್ತನೆಯ ಬಟ್ಟೆಯನ್ನು ಹಾಸಿರಿ. ಪ್ರತಿದಿನ ಅದೇ ಹೊತ್ತಿಗೆ ಉದ್ದವನ್ನಳೆದು ಬರೆದಿಡಿರಿ. ಬೆಸುಗೆಯ ಮೇಲೆ ಭಾರ ಹೊರಿಸಬಾರದೇಕೆಂಬುದನ್ನು ಆ ಎರಡು ಪಟ್ಟಿಗಳು ನನಗಿಂತ ಚೆನ್ನಾಗಿ ಬೋಧಿಸುತ್ತವೆ.

ಯಂತ್ರವನ್ನು ಚಾಮರಾಜಪೇಟೆಗೆ ಹಿಂದಿರುಗಿಸಿ ಈಗ ಎಂಟು ತಿಂಗಳಾದವು. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ್ದೇವೆ. ಕ್ಯಾಸೆಟ್ಟಿನ ಪ್ರತಿಯೂ ಸಿದ್ಧವಾಗಿದೆ; ಮೊಬೈಲಿನಲ್ಲಿಯೇ ನೋಡಬಹುದೆಂದು ಅಜ್ಜಿಗೆ ಹೇಳಿದೆವು. ಅವರಿಗೆ ತಮ್ಮ ಕೋಣೆಯ ಟೆಲಿವಿಷನ್ನೇ ಇಷ್ಟ. ಪಂಕ್ತಿಯ ದೃಶ್ಯ ಬಂದಾಗ ತಾತನವರು "ಇನ್ನೊಂದು ಹೋಳಿಗೆ ಹಾಕಪ್ಪಾ" ಎನ್ನುತ್ತಾರೆ. ಅಜ್ಜಿ ಧ್ವನಿಯನ್ನು ಸ್ವಲ್ಪ ಏರಿಸುತ್ತಾರೆ.